ಹಾಲು ಹೋಗುವ ದಾರಿ

"ಈ ಹಾಲು ನನಗೆ ಬೇಡ ಅತ್ತೆ. ನೀವೇ ಕುಡೀರಿ, ಇಲ್ಲಾ ಬೆಕ್ಕಿಗೆ ಹಾಕಿ. ನನಗೆ ನೀರು ಕೊಡಿ!"

"ಬಾಯಿ ಮುಚ್ಚೇ! ಹಾಲಿನ ಮೇಲೆ ಸಿಟ್ಟು ತೋರಿಸ್ತಾಳೆ! ನೀರು ಬೇಕಾದ್ರೆ ಕಾಲುವೇಲಿ ಇದೆ, ಹೋಗಿ ಕುಡಿ."

"ಕುಡಿಯೋಕಲ್ಲ. ಮರಳಿಗೆ ಚಿಮುಕಿಸೋಕೆ."

ಸೊಸೆ ಮಸ್ತುರಾ ಶೆಡ್ಡಿನ ಹೊಸ್ತಿಲ ಮೇಲೆ ನಿಂತಿದ್ದಳು. ಹುಬ್ಬು, ರೆಪ್ಪೆ, ಮೂಗಿಗೆ ಕಟ್ಟಿಕೊಂಡ ಚೀಟಿ ಬಟ್ಟೆ ಎಲ್ಲ ಬೆಳ್ಳಗಾಗಿ, ಮೂವತ್ತು ದಾಟಿದ ಹೆಂಗಸು ತನ್ನ ಅತ್ತೆಗಿಂತ ಮುದುಕಿಯಾಗಿ ಕಾಣುತ್ತಿದ್ದಳು. ಅವಳ ಬೆನ್ನ ಹಿಂದೆ ಶೆಡ್ಡಿನ ಒಳಗೆ ಗಾಳಿಯೇ ಬೆಳ್ಳಗಿತ್ತು. ಇನೋಯತ್ ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಮಧ್ಯಾಹ್ನಕ್ಕೆ ಒಂದು ಬಟ್ಟಲು ಬಿಸಿ ಹಾಲು. ಶೆಡ್ಡಿನಲ್ಲಿ ಜರಡಿ ಹಿಡಿಯುವವರಿಗೆ ಅದನ್ನು ತನ್ನ ಕೈಯಾರೆ ಕೊಡುವುದನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ.

ಅಷ್ಟರಲ್ಲಿ ಮಾವ ತುರ್ಸುನಲಿ ಜೆರೇನಿಯಂ ಕುಂಡಗಳ ಸಾಲಿನಿಂದ ಎದ್ದು ಬಂದ.

"ಏನು ಗಲಾಟೆ?"

"ಮರಳಿಗೆ ನೀರು ಹಾಕಬೇಕಂತೆ ನಿಮ್ಮ ಸೊಸೆಗೆ," ಎಂದಳು ಇನೋಯತ್.

"ಹಾಕ್ಲಿ! ಅದರ ಜೊತೆ ನಾಲ್ಕು ಮೊಟ್ಟೆ ಒಡೆದು ಹಾಕ್ಲಿ, ರೊಟ್ಟಿ ತಟ್ಟೋಣ!" ತುರ್ಸುನಲಿ ಕೈ ಕೊಡವಿದ. "ಲೇ ಹುಡುಗಿ, ಒದ್ದೆ ಮರಳು ಜರಡೀಲಿ ಇಳಿಯುತ್ತಾ? ಚೀಲದಲ್ಲಿ ಗಡ್ಡೆ ಕಟ್ಟಿದ್ರೆ ತಾಷ್ಕೆಂಟಿನೋರು ನನ್ನ ಮುಖಕ್ಕೆ ಎಸೀತಾರೆ."

"ಬಾಗಿಲಾದ್ರೂ ತೆಗೆದಿಡಿ ಮಾವ. ಒಳಗೆ ನನ್ನ ಕೈ ನನಗೇ ಕಾಣಲ್ಲ."

"ಬಾಗಿಲು ತೆಗೆದ್ರೆ ಗಾಳಿ ಬಂದು ನನ್ನ ಹಿಟ್ಟು ಕದ್ದುಕೊಂಡು ಹೋಗುತ್ತೆ. ಗಾಳಿ ದುಡ್ಡು ಕೊಡುತ್ತಾ? ಹಾಲು ಕುಡಿ, ಒಳಗೆ ಹೋಗು. ಗಾಜಿನ ಕಾರ್ಖಾನೇಲಿ ಇಪ್ಪತ್ತು ವರ್ಷ ಹಾಲು ಕುಡಿದವನು ನಾನು. ಸರ್ಕಾರವೇ ಕೊಡ್ತಿತ್ತು, ಪಾಳಿಗೊಂದು ಸೀಸೆ. ಧೂಳನ್ನ ಹಾಲು ತೊಳೆಯುತ್ತೆ ಅಂತ ಗೊತ್ತಿಲ್ಲದೆ ಕೊಡ್ತಿದ್ರಾ? ನೋಡು ನನ್ನ, ಎತ್ತಿನ ಹಾಗಿದೀನಿ."

ಎತ್ತಿನ ಹಾಗೆಯೇ ಇದ್ದ. ಕಾರ್ಖಾನೆ ಮುಚ್ಚಿದ ಮೇಲೆ ಅದರ ಹಿತ್ತಿಲಲ್ಲಿ ಬೆಣಚುಕಲ್ಲು ಅರೆದ ಪುಡಿ ಒಂದು ಗುಡ್ಡವೇ ಉಳಿದಿತ್ತು. ಯಾರಿಗೂ ಬೇಡದ ಗುಡ್ಡ. ತುರ್ಸುನಲಿ ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದು, ಜರಡಿ ಹಿಡಿಸಿ, ಮೊದಲು ತನ್ನ ಜೆರೇನಿಯಂ ಕಡ್ಡಿಗಳಿಗೆ ಬೇರು ಬರಿಸಲು ಬಳಸಿದ. ಆಮೇಲೆ ಪಟ್ಟಣದವರು ಪಾಪಾಸುಕಳ್ಳಿಯ ಕುಂಡದ ಮೇಲೆ ಬಿಳಿ ಮರಳು ಹರಡುವುದನ್ನು ಕಲಿತರು. ಅಲ್ಲಿಂದ ಮುಂದೆ ಹೂವಿಗಿಂತ ಮರಳೇ ಹೆಚ್ಚು ಮಾರಿತು. ನಮಂಗಾನಿನ ಹೂದೋಟದವರೆಲ್ಲ ಮಣ್ಣಲ್ಲಿ ಕೈಯಿಟ್ಟು ಬದುಕಿದರೆ ತುರ್ಸುನಲಿ ಕಲ್ಲಿನ ಹಿಟ್ಟಲ್ಲಿ ಬದುಕಿದ. ಕೈಯಿಟ್ಟವರು ಮಾತ್ರ ಬೇರೆಯವರು.

"ಕುಡೀತೀಯೋ ಇಲ್ವೋ?" ಎಂದಳು ಇನೋಯತ್.

ಮಸ್ತುರಾ ಬಟ್ಟಲು ಕಸಿದುಕೊಂಡು ಒಂದೇ ಗುಕ್ಕಿಗೆ ಕುಡಿದಳು. ಅರ್ಧ ಗಲ್ಲದ ಮೇಲೆ ಹರಿಯಿತು. ಬಿಳಿ ಪುಡಿಯ ಮೇಲೆ ಬಿಳಿ ಹಾಲು. "ಬೆಳಿಗ್ಗೆ ಒಣ ಅಂಗಳ ಗುಡಿಸಿದ್ರೆ ನನ್ನ ಏಳು ತಲೆಮಾರು ಬೈತೀರ ಅತ್ತೆ," ಎಂದಳು, ಬಟ್ಟಲು ವಾಪಸು ಕೊಡುತ್ತ. "ಧೂಳೆಬ್ಬಿಸ್ತಾಳೆ ಮುಂಡೇದು, ನೀರು ಚಿಮುಕಿಸದೆ ಪೊರಕೆ ಮುಟ್ಟೋದು ಯಾವ ತಾಯಿ ಕಲಿಸಿದ್ಲು ಅಂತೀರ. ಈ ಬಾಗಿಲು ದಾಟಿದ್ರೆ ಅದು ಧೂಳಲ್ವಾ?"

ಬಾಗಿಲು ಮುಚ್ಚಿತು. ಒಳಗೆ ಜರಡಿಯ ಸದ್ದು, ಅದರ ನಡುವೆ ಕೆಮ್ಮು. ಇನೋಯತ್ ಬಾಗಿಲಿನತ್ತ ನೋಡಿ, "ನಾಲಿಗೆ ನೋಡು, ಕತ್ತರಿ!" ಎಂದಳು. ಆದರೆ ಕೇಳಿಸಿಕೊಳ್ಳುವವರು ಅಲ್ಲಿ ಇರಲಿಲ್ಲ. ತುರ್ಸುನಲಿ ಆಗಲೇ ಕುಂಡಗಳ ಸಾಲಿಗೆ ಹಿಂದಿರುಗಿದ್ದ. ಮಗ ಎಲ್ದೊರ್ ಕುಂಡ ತುಂಬಿದ ವ್ಯಾನು ತಗೊಂಡು ಪೇಟೆಗೆ ಹೋಗಿದ್ದ. ಇದ್ದರೂ ಮಾತಾಡುತ್ತಿರಲಿಲ್ಲ. ಅಪ್ಪ ಸೀನಿದರೆ ತನ್ನ ಮೂಗು ಒರೆಸಿಕೊಳ್ಳುವ ಜಾತಿ ಅವನು.

ಉಳಿದ ಹಾಲನ್ನು ಚೊಂಬಿಗೆ ಹಾಕಿಕೊಂಡು ಇನೋಯತ್ ಎರಡು ಬಾಗಿಲು ಆಚೆಯ ಹನೀಫಾಳ ಮನೆಗೆ ಹೋದಳು. ಮಸ್ತುರಾಳಿಗಿಂತ ಮೊದಲು ಆ ಜರಡಿ ಹನೀಫಾಳ ಕೈಯಲ್ಲಿತ್ತು. ಗಂಡ ಸತ್ತ ಹೆಂಗಸು; ತುರ್ಸುನಲಿ ಕೆಲಸ ಕೊಟ್ಟು ಪುಣ್ಯ ಕಟ್ಟಿಕೊಂಡ ಎಂದು ಮೊಹಲ್ಲಾವೆಲ್ಲ ಹೇಳಿತ್ತು. ಈಗ ಅವಳು ಮಲಗಲಾರಳು. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ದಿಂಬು ಒರಗಿಸಿ ಹಗಲೂ ರಾತ್ರಿ ಕೂತೇ ಇರುತ್ತಾಳೆ. ಮೊದಲು ಕ್ಷಯ ಎಂದು ಅವಳ ಬಟ್ಟಲು ಬೇರೆ ಇಟ್ಟರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು, ಇದು ಕ್ಷಯ ಅಲ್ಲ, ಒಳಗೆ ಕಲ್ಲುಪುಡಿ ಕೂತಿದೆ, ಇದಕ್ಕೆ ಮದ್ದಿಲ್ಲ ಎಂದು ಕಳಿಸಿದರು.

"ಬಂದ್ಲು ನೋಡಪ್ಪ ಹಸು," ಎಂದಳು ಹನೀಫಾ. ನಗಲು ಹೋಗಿ ನಿಲ್ಲಿಸಿದಳು. ನಗುವುದಕ್ಕೂ ಅವಳಿಗೆ ಉಸಿರು ಸಾಲದು. "ಹಾಲು... ಸಾಕು ಆಪಾ. ಒಂದು ಚೊಂಬು ಗಾಳಿ ಇದ್ರೆ... ತಂದುಕೊಡು."

"ಕುಡಿ, ತಮಾಷೆ ಮಾಡಬೇಡ."

"ಮಸ್ತುರಾ ಕೆಮ್ತಾಳಾ?"

"ಯಾರು ಕೆಮ್ಮಲ್ಲ? ಚಳಿ."

"ಬೆಳಿಗ್ಗೆ ಗುಡಿಸೋವಾಗ... ಪೊರಕೆ ಊರಿಕೊಂಡು... ನಿಂತುಕೋತಾಳಾ?"

ಹೌದು, ಮಸ್ತುರಾ ನಿಂತುಕೊಳ್ಳುತ್ತಿದ್ದಳು. ಈ ಚಳಿಗಾಲದಲ್ಲಿ ಅದನ್ನು ನೋಡಿ ಇನೋಯತ್ ಸೋಮಾರಿ ಎಂದು ಬೈದಿದ್ದಳು ಕೂಡ.

"ನನಗೂ ಹಾಗೇ... ಶುರುವಾಯ್ತು."

"ಏಳು ವರ್ಷ ನನ್ನ ಕೈಯಾರೆ ಹಾಲು ಕೊಟ್ಟೆ ನಿನಗೆ!" ಇನೋಯತ್‌ಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. "ಒಂದು ದಿನ ತಪ್ಪಿಸಿದ್ರೆ ಹೇಳು! ನನ್ನ ಮೊಮ್ಮಕ್ಕಳಿಗೆ ಕಡಿಮೆ ಮಾಡಿ ನಿನಗೆ ಕೊಟ್ಟಿದೀನಿ."

"ಕೊಟ್ಟೆ," ಎಂದಳು ಹನೀಫಾ. "ಹೊಟ್ಟೆ ತಂಪಾಗಿತ್ತು."

ಚೊಂಬನ್ನು ದಿಂಬಿನ ಪಕ್ಕ ಕುಕ್ಕಿ ಇನೋಯತ್ ಎದ್ದು ಬಂದಳು. ಉಪಕಾರ ಸ್ಮರಣೆ ಇಲ್ಲದವರು ಎಂದು ದಾರಿಯುದ್ದಕ್ಕೂ ಗೊಣಗಿದಳು. ದಾರಿ ಎರಡು ಬಾಗಿಲಿನಷ್ಟೇ ಇತ್ತು. ಗೊಣಗಾಟ ಸಂಜೆಯ ತನಕ ನಡೆಯಿತು.

ಆ ವಾರವೇ ತಾಷ್ಕೆಂಟಿನಿಂದ ಒಲಿಮ್‌ಖೋನ್ ಬರುವವನಿದ್ದ. ಅಲ್ಲಿ ಅವನದು ಹೂಕುಂಡದ ಅಂಗಡಿ. ಬಿಳಿ ಮರಳೆಲ್ಲ ಹೋಗುವುದು ಅವನಿಗೇ. ತುರ್ಸುನಲಿ ಕುರಿ ಕಡಿಸಿದ. "ಓಪ್ಕಾ ಮಾಡು ಮುದುಕಿ," ಎಂದ. "ರಾಜಧಾನಿಯೋರು ಪಲಾವು ಎಲ್ಲಿ ಬೇಕಾದ್ರೂ ತಿಂತಾರೆ. ನಿನ್ನ ಕೈ ಓಪ್ಕಾ ತಿಂದವನು ಚೌಕಾಸಿ ಮಾಡಲ್ಲ."

ಕುರಿಯ ಶ್ವಾಸಕೋಶಕ್ಕೆ ಹಾಲು ತುಂಬಿ ಬೇಯಿಸುವ ಅಡುಗೆ ಅದು. ಇನೋಯತ್ ಮದುವೆಯಾಗಿ ಬಂದ ವರ್ಷ ಅತ್ತೆಯಿಂದ ಕಲಿತದ್ದು. ಮೊದಲು ಉಸಿರಿನ ಕೊಳವೆಗೆ ನೀರು ಬಿಡಬೇಕು. ಶ್ವಾಸಕೋಶ ಚರ್ಮದ ಚೀಲದಂತೆ ಉಬ್ಬುತ್ತದೆ. ತಲೆಕೆಳಗು ಮಾಡಿ ಹಿಂಡಬೇಕು. ಕೆಂಪು ನೀರು ಬರುತ್ತದೆ. ಮತ್ತೆ ಬಿಡಬೇಕು, ಮತ್ತೆ ಹಿಂಡಬೇಕು. ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗುವ ತನಕ. ಆಮೇಲೆ ಹಾಲಿನಲ್ಲಿ ಹಿಟ್ಟು, ಎಣ್ಣೆ, ಉಪ್ಪು ಕಲಸಿ ಅದೇ ಕೊಳವೆಯಿಂದ ಸುರಿಯಬೇಕು. ಒಬ್ಬರ ಕೈ ಸಾಲದು. ಒಬ್ಬರು ಕೊಳವೆ ಹಿಡಿಯಬೇಕು, ಒಬ್ಬರು ಸುರಿಯಬೇಕು.

"ಮಸ್ತುರಾ! ಬಾರೇ ಇಲ್ಲಿ!"

ಸೊಸೆ ಶೆಡ್ಡಿನಿಂದ ಬಂದಳು. ಕಾಲುವೆಯಲ್ಲಿ ಕೈ ತೊಳೆದಳು. ಉಗುರಿನ ಸಂದಿಯ ಬಿಳುಪು ಹೋಗಲಿಲ್ಲ. ಹಿಪ್ಪುನೇರಳೆ ಮರದ ಕೆಳಗೆ ಎದುರುಬದುರು ಕೂತರು. ಇನೋಯತ್ ಚಾಕು ತಗೊಂಡು ಗಂಟಲಿನ ಭಾಗ ಬಿಡಿಸಿದಳು. ಎರಡು ಕೊಳವೆ: ಒಂದು ಬಳೆ ಬಳೆಯಾಗಿ ಗಟ್ಟಿ, ಇನ್ನೊಂದು ಮೆತ್ತಗೆ, ಜೋಲುವಂಥದು. ಮೆತ್ತಗಿನದನ್ನು ಕೊಯ್ದು ಎಸೆದಳು. ಅದು ಹೊಟ್ಟೆಗೆ ಹೋಗುವ ದಾರಿ. ಓಪ್ಕಾ ಮಾಡುವವರಿಗೆ ಕೆಲಸಕ್ಕೆ ಬಾರದ್ದು. ಬೆಕ್ಕು ಬಂದು ಅದನ್ನು ಕಚ್ಚಿಕೊಂಡು ಹೋಯಿತು.

ಇನೋಯತ್ ಬೆಕ್ಕು ಹೋದ ದಿಕ್ಕನ್ನೇ ನೋಡುತ್ತ ಕೂತಳು.

"ಅತ್ತೆ, ನೀರು ಬಿಡಿ. ಹಿಡಿದಿದೀನಿ."

ಬಿಟ್ಟಳು. ಶ್ವಾಸಕೋಶ ಉಬ್ಬಿತು. ಹಿಂಡಿದಳು. ಮತ್ತೆ ಬಿಟ್ಟಳು, ಹಿಂಡಿದಳು. ಮಸ್ತುರಾಳಿಗೆ ಕೆಮ್ಮು ಬಂತು. ಕೊಳವೆ ಬಿಡಬಾರದೆಂದು ಮುಖವನ್ನು ಭುಜಕ್ಕೆ ಒತ್ತಿಕೊಂಡು ಕೆಮ್ಮಿದಳು. ಕೆಮ್ಮಿದಾಗಲೆಲ್ಲ ಅವಳ ಕೈಯಲ್ಲಿದ್ದ ಕುರಿಯ ಶ್ವಾಸಕೋಶವೂ ಅದುರಿತು. ಒಣ ಕೆಮ್ಮು, ಏನೂ ಹೊರಬರದ ಕೆಮ್ಮು.

ಹಾಲಿನ ಪಾತ್ರೆ ಎತ್ತಿದ ಇನೋಯತ್‌ಳ ಕೈ ಅಲ್ಲೇ ನಿಂತಿತು. ಬದುಕಿನಲ್ಲಿ ಎಷ್ಟು ಕುರಿಯ ಗಂಟಲು ಬಿಡಿಸಿದ್ದಳೋ ಲೆಕ್ಕವಿಲ್ಲ. ಪ್ರತಿಸಲ ಒಂದು ಕೊಳವೆ ಎಸೆದಿದ್ದಳು, ಒಂದಕ್ಕೆ ಹಾಲು ಸುರಿದಿದ್ದಳು. ಹಾಗೇ ಎದ್ದು ಹೋಗಿ ಬಟ್ಟಲು ತುಂಬಿ ಶೆಡ್ಡಿನ ಬಾಗಿಲಿಗೆ ಹಾಲು ಒಯ್ದಿದ್ದಳು.

"ಮಸ್ತುರಾ."

"ಏನತ್ತೆ?"

"ನಾನು ಕೊಡೋ ಹಾಲು... ಬೆಕ್ಕು ಕಚ್ಚಿಕೊಂಡು ಹೋಯ್ತಲ್ಲ, ಅದರಲ್ಲಿ ಹೋಗುತ್ತೆ."

ಮಸ್ತುರಾ ತಲೆ ಎತ್ತಲಿಲ್ಲ. "ಸುರೀರಿ ಅತ್ತೆ. ಹಿಟ್ಟು ತಳ ಹಿಡಿಯುತ್ತೆ," ಎಂದಳಷ್ಟೆ.

ಇನೋಯತ್ ಸುರಿದಳು. ಕೊಳವೆಯ ಬಾಯಿಗೆ ದಾರ ಬಿಗಿದಳು, ಬೇಕಾದದ್ದಕ್ಕಿಂತ ಹೆಚ್ಚು ಬಿಗಿದಳು. ದಾರ ಬೆರಳು ಕೊಯ್ಯಿತು.

ಒಲಿಮ್‌ಖೋನ್ ಬಂದ. ಹೊಟ್ಟೆ ದಪ್ಪ, ಮಾತು ಸಿಹಿ. ಅಂಗಳದ ಮರದ ಕಟ್ಟೆಯ ಮೇಲೆ ಹಾಸಿಗೆ ಹಾಸಿದ್ದರು. ರೊಟ್ಟಿ ಮುರಿದರು, ಚಹಾ ಸುರಿದರು. ತುರ್ಸುನಲಿ ಒಂದು ಹಿಡಿ ಬಿಳಿ ಮರಳನ್ನು ಗಾಜಿನ ಲೋಟದಲ್ಲಿ ತಂದು ಮುಂದಿಟ್ಟ. ಬಿಸಿಲಿಗೆ ಅದು ಸಕ್ಕರೆಯಂತೆ ಹೊಳೆಯಿತು.

"ಚೆನ್ನಾಗಿದೆ," ಎಂದ ಒಲಿಮ್‌ಖೋನ್, ಲೋಟವನ್ನು ಮುಖದಿಂದ ದೂರ ಹಿಡಿದು. "ಇನ್ನೂ ನಯ ಮಾಡಿಸಿ ಅಣ್ಣ. ಈ ಸಲ ಎರಡು ಪಟ್ಟು ಬೇಕು. ಆದ್ರೆ ಚೀಲದ ಬಾಯಿ ಬಿಗಿಯಾಗಿ ಹೊಲಿಸಿ. ಹೋದ ಸಲ ಒಂದು ಚೀಲ ಸೋರಿ ನನ್ನ ಕಾರೆಲ್ಲ ಪುಡಿ. ಹೆಂಡತಿ ಆ ಕಾರು ಹತ್ತಲ್ಲ ಅಂತ ಕೂತುಬಿಟ್ಲು. ತೊಳೆಸಿದ ಮೇಲೇ ಹತ್ತಿದ್ದು."

"ಹೊಲಿಸೋಣ, ಹೊಲಿಸೋಣ."

ಇನೋಯತ್ ಓಪ್ಕಾದ ತಟ್ಟೆ ತಂದಳು. ಹೋಳು ಹೋಳಾಗಿ ಕೊಯ್ದು, ಮೇಲೆ ಮೆಣಸು ಉದುರಿಸಿದ್ದಳು. ಒಲಿಮ್‌ಖೋನ್ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದ. "ಬೆಣ್ಣೆ!" ಎಂದ. ತಿನ್ನುತ್ತಲೇ ಮಾತು ಮುಂದುವರಿಸಿದ. "ಈಗ ಚೀಲದ ಮೇಲೆ ಚೀಟಿ ಬೇರೆ ಅಂಟಿಸ್ತಿದೀವಿ ಅಣ್ಣ. ಕುಂಡಕ್ಕೆ ಹಾಕೋ ಮುಂಚೆ ಮರಳಿಗೆ ನೀರು ಚಿಮುಕಿಸಿ, ಕಿಟಕಿ ತೆರೆದಿಡಿ, ಪುಡಿ ಉಸಿರಾಡಬೇಡಿ ಅಂತ. ಪಟ್ಟಣದ ಹೆಂಗಸರು ನೋಡಿ, ಒಂದು ಹಿಡಿ ಮರಳಿಗೂ ಹೆದರ್ತಾರೆ."

ತುರ್ಸುನಲಿ ನಕ್ಕ. "ನಮ್ಮ ಹೆಂಗಸರು ಕಬ್ಬಿಣ. ಗುಡ್ಡ ಜರಡಿ ಹಿಡಿದ್ರೂ ಜಗ್ಗಲ್ಲ. ನಾನೂ ಬಿಡಲ್ಲಪ್ಪ, ದಿನಾ ಹಾಲು ಕೊಡಿಸ್ತೀನಿ."

ಶೆಡ್ಡಿನಿಂದ ಕೆಮ್ಮು ಕೇಳಿಸಿತು.

ತಟ್ಟೆ ಇಟ್ಟು ಒಳಗೆ ಹೋಗಬೇಕಾಗಿದ್ದ ಇನೋಯತ್ ಹೋಗಲಿಲ್ಲ. "ಏನು ಬರೆದಿದೀರಿ ಚೀಟೀಲಿ? ಇನ್ನೊಂದು ಸಲ ಹೇಳಿ," ಎಂದಳು.

ಒಲಿಮ್‌ಖೋನ್ ಹೋಳು ಕೈಯಲ್ಲೇ ಹಿಡಿದು ತುರ್ಸುನಲಿಯ ಮುಖ ನೋಡಿದ. "ಅದೇ ಆಪಾ... ನೀರು ಚಿಮುಕಿಸಿ ಅಂತ."

"ಒಂದು ಹಿಡಿಗೆ?"

"ಹ್ಞೂ. ಒಂದು ಹಿಡಿಗೆ."

"ಕೇಳಿದ್ರಾ ಎಲ್ದೊರನ ಅಪ್ಪ? ತಾಷ್ಕೆಂಟಿನ ಹೆಂಗಸು ಒಂದು ಹಿಡಿ ಮರಳು ಮುಟ್ಟೋಕೆ ಕಿಟಕಿ ತೆಗೀತಾಳಂತೆ. ನನ್ನ ಸೊಸೆಗೆ ನೀವು ಬಾಗಿಲು ಮುಚ್ಚಿಸ್ತೀರಿ."

"ಒಳಗೆ ಹೋಗು ಮುದುಕಿ. ಅತಿಥಿ ಮುಂದೆ ಮಾನ ಕಳೀಬೇಡ."

"ಅತಿಥಿ ಏನು ತಿಂತಿದಾರೆ ಗೊತ್ತಾ? ಅದು ಪುಪ್ಪುಸ, ಉಸಿರಿನ ಚೀಲ! ಅದಕ್ಕೆ ಹಾಲು ತುಂಬಬೇಕಾದ್ರೆ ಕುರಿ ಸಾಯಬೇಕು! ಕತ್ತು ಕೊಯ್ದು, ಕೊಳವೆ ಬಿಡಿಸಿ, ಕೈಯಾರೆ ಸುರೀಬೇಕು! ಬದುಕಿರೋರ ಬಾಯಿಗೆ ಹಾಕಿದ ಹಾಲು ಅಲ್ಲಿಗೆ ಹೋಗಲ್ಲ! ನನಗೆ ಗೊತ್ತಿತ್ತು. ನಲವತ್ತು ವರ್ಷದಿಂದ ನನ್ನ ಈ ಕೈಗೆ ಗೊತ್ತಿತ್ತು! ತಲೆಗೆ ಗೊತ್ತಾಗಲಿಲ್ಲ!"

"ಹುಚ್ಚು ಹಿಡೀತಾ ನಿನಗೆ? ನಾನು ಇಪ್ಪತ್ತು ವರ್ಷ ಕುಡಿದೆ..."

"ನೀವು ಕಲ್ಲು ಅರೆಯೋ ಯಂತ್ರದ ಹತ್ರ ಒಂದು ದಿನ ನಿಂತಿದ್ರಾ? ಕಿಟಕಿ ಪಕ್ಕ ಮೇಜು ಹಾಕ್ಕೊಂಡು ಹಾಲಿನ ಸೀಸೆ ಹಂಚ್ತಿದ್ರಿ! ಯಂತ್ರದ ಹತ್ರ ನಿಂತೋರು ಎಲ್ಲಿದಾರೆ? ಹೇಳಿ! ಈ ಮೊಹಲ್ಲಾದಲ್ಲಿ ಅವರಲ್ಲಿ ಒಬ್ಬ ಮುದುಕ ಇದಾನಾ? ಒಬ್ಬನ್ನ ತೋರಿಸಿ!"

ತುರ್ಸುನಲಿ ಮರಳಿನ ಲೋಟವನ್ನು ತನ್ನತ್ತ ಎಳೆದುಕೊಂಡ. ಒಲಿಮ್‌ಖೋನ್ ಹೋಳನ್ನು ಮೆಲ್ಲಗೆ ತಟ್ಟೆಗೆ ಹಾಕಿ, ಬೆರಳು ಒರೆಸಿಕೊಂಡು, "ನಾನು ಕಾರು ನೋಡಿಕೊಂಡು ಬರ್ತೀನಿ," ಎಂದ.

ಕಟ್ಟೆಯ ಪಕ್ಕ ಅಂಗಳಕ್ಕೆ ಚಿಮುಕಿಸುವ ತಗಡಿನ ಡಬ್ಬಿ ಇತ್ತು. ಇನೋಯತ್ ಅದನ್ನು ಕಾಲುವೆಯಲ್ಲಿ ಮುಳುಗಿಸಿ ಎತ್ತಿದಳು. ಮಂಡಿ ನೋವಿನ ಹೆಂಗಸು ಅಷ್ಟು ಬೇಗ ನಡೆದದ್ದನ್ನು ಆ ಮನೆ ನೋಡಿರಲಿಲ್ಲ. ಶೆಡ್ಡಿನ ಬಾಗಿಲನ್ನು ಕಾಲಿನಿಂದ ಒದ್ದಳು. ಒಳಗೆ ಬೆಳ್ಳನೆಯ ಮಬ್ಬಿನಲ್ಲಿ ಮಸ್ತುರಾ ಜರಡಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು.

"ಏಳು. ಹೊರಗೆ ಬಾ."

ಜರಡಿಯ ಮೇಲೆ ಸುರಿದಳು. ಗುಡ್ಡೆಯ ಮೇಲೆ ಸುರಿದಳು. ತೆರೆದ ಚೀಲಗಳ ಬಾಯಿಗೆ ಸುರಿದಳು. ಡಬ್ಬಿ ಖಾಲಿಯಾದಾಗ ಹೋಗಿ ಮತ್ತೆ ತುಂಬಿಕೊಂಡು ಬಂದಳು. ತುರ್ಸುನಲಿ ಓಡಿ ಬಂದು ಡಬ್ಬಿ ಕಸಿಯಲು ನೋಡಿದ. ಅವಳು ಕೊಡಲಿಲ್ಲ. ನೀರು ಇಬ್ಬರ ಮೇಲೂ ಚೆಲ್ಲಿತು. ನೆಲದ ಮೇಲೆ ಪುಡಿ ಗಂಜಿಯಾಗಿ ಹರಿಯಿತು. ಗಾಳಿ ತಿಳಿಯಾಗತೊಡಗಿತು, ಮೂಲೆಯ ಗೋಡೆ, ಗೋಡೆಯ ಮೊಳೆಗೆ ನೇತುಹಾಕಿದ ಹನೀಫಾಳ ಹಳೆಯ ಮೇಲಂಗಿ ಕಣ್ಣಿಗೆ ಬಿದ್ದವು.

"ಹಾಳು ಮಾಡಿದೆ! ಪೂರ್ತಿ ಹಾಳು ಮಾಡಿದೆ!" ತುರ್ಸುನಲಿಯ ದನಿ ಕೀರಲಾಯಿತು. "ನನ್ನ ಮರಳಿಗೆ ನೀರು ಹಾಕೋರಿಗೆ ಈ ಮನೇಲಿ ಜಾಗ ಇಲ್ಲ! ಕೇಳಿಸ್ತಾ? ಜಾಗ ಇಲ್ಲ!"

"ಕೇಳಿಸ್ತು," ಎಂದಳು ಇನೋಯತ್.

ಡಬ್ಬಿಯನ್ನು ಶೆಡ್ಡಿನ ಹೊಸ್ತಿಲ ಪಕ್ಕ ಇಟ್ಟಳು. ಮೊಳೆಯಿಂದ ಹನೀಫಾಳ ಮೇಲಂಗಿ ತೆಗೆದು, ಕೊಡವದೆ, ಒದ್ದೆ ಕೈಯಿಂದ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ತಲೆವಸ್ತ್ರ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು. ಸೊಸೆ ಗೋಡೆಗೆ ಒರಗಿ ನೋಡುತ್ತಿದ್ದಳು.

"ಅತ್ತೆ, ನಾನೂ ಬರ್ತೀನಿ."

"ನೀನು ಯಾಕೆ? ನಿನ್ನ ಮಕ್ಕಳು ಇಲ್ಲಿದಾವೆ." ಇನೋಯತ್ ಗಂಡನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಕೇಳಿಸಿಕೋ. ಹಸು ಇನ್ನು ನಿಂದು. ತಂದೂರು ನಿಂದು. ಮೂರು ಹೊತ್ತು ಒಲೆ, ಬಂದೋರಿಗೆ ಚಹಾ, ಮಕ್ಕಳ ಬಟ್ಟೆ, ಮಾವನ ನಮಾಜಿನ ನೀರು, ಎಲ್ಲ ನಿಂದು. ನಾನು ಮಾಡ್ತಿದ್ದೆ, ಅದಕ್ಕೇ ನಿನಗೆ ಜರಡಿ ಹಿಡಿಯೋಕೆ ಪುರುಸೊತ್ತಿತ್ತು. ಇನ್ನು ಇರಲ್ಲ."

ತುರ್ಸುನಲಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಗುವಷ್ಟರಲ್ಲಿ ಅವಳು ರಬ್ಬರು ಚಪ್ಪಲಿ ಮೆಟ್ಟಿ ದೊಡ್ಡ ಬಾಗಿಲು ದಾಟಿದ್ದಳು.

"ಎಲ್ಲಿಗೆ ಹೋಗ್ತೀಯ? ಅರವತ್ತಾಯ್ತು ನಿನಗೆ, ಯಾವ ತವರಿದೆ? ಸಂಜೆಗೆ ತಾನೇ ಬರ್ತೀಯ!"

ಅವಳು ತಿರುಗಿ ನೋಡಲಿಲ್ಲ. ಎರಡು ಬಾಗಿಲು ನಡೆದು ಹನೀಫಾಳ ಮನೆಯೊಳಗೆ ಹೋದಳು.

ಸಂಜೆಗೆ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ. ಮುನಿಸಿಕೊಂಡು ತವರಿಗೆ ಹೋದ ಸೊಸೆಯನ್ನು ಹಿರಿಯರು ಹೋಗಿ ಕರೆತರುವುದು ಮೊಹಲ್ಲಾದ ರೂಢಿ. ಮುನಿಸಿಕೊಂಡ ಅತ್ತೆಯನ್ನು ಹೇಗೆ ಕರೆತರಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಬಿಳಿಗಡ್ಡದ ಇಬ್ಬರು ಹೋದರು. ಇನೋಯತ್ ಅವರಿಗೆ ಚಹಾ ಕೊಟ್ಟಳು. ಅವರು ಮಾತು ಶುರುಮಾಡುವ ಮೊದಲೇ ಹನೀಫಾಳನ್ನು ಮುಂದಕ್ಕೆ ಬಾಗಿಸಿ, "ಬೆನ್ನಿಗೆ ಕಿವಿ ಇಡಿ," ಎಂದಳು. ಪರಹೆಂಗಸಿನ ಬೆನ್ನಿಗೆ ಕಿವಿ ಇಡುವುದಾದರೂ ಹೇಗೆ ಎಂದು ಮುದುಕರು ತಡವರಿಸಿದರು. ಕಿವಿ ಇಡಬೇಕಾಗಿಯೇ ಇರಲಿಲ್ಲ. ಅವಳ ಉಸಿರಿನ ಗೊರಗೊರ ಕೂತಲ್ಲಿಗೇ ಕೇಳುತ್ತಿತ್ತು. ಚಹಾ ಮುಗಿಸದೆ ಎದ್ದರು.

ತುರ್ಸುನಲಿ ಜರಡಿಗೆ ಬೇರೆ ಹೆಂಗಸರನ್ನು ಹುಡುಕಿದ. ಹನೀಫಾಳ ಹೊರಗೇಟಿನ ಬೆಂಚಿನ ಮೇಲೆ ಇನೋಯತ್ ಕೂತಿರುತ್ತಿದ್ದಳು. ಅವನ ಮನೆಯತ್ತ ಹೊರಟ ಪ್ರತಿ ಹೆಂಗಸನ್ನೂ ಕರೆದು ಒಳಗೆ ಕಳಿಸುತ್ತಿದ್ದಳು. ಹೆಂಗಸರಿಗೆ ಸಂಕೋಚವಿರಲಿಲ್ಲ, ಕಿವಿ ಇಟ್ಟೇ ಕೇಳಿದರು. ಕೇಳಿದವರು ಅವನ ಮನೆಯ ದಾರಿ ಬಿಟ್ಟರು. ಎಲ್ದೊರ್‌ಗೆ ಕುಂಡದ ಗಿರಾಕಿಗಳು ಇದ್ದಕ್ಕಿದ್ದಂತೆ ಹೆಚ್ಚಾದರು. ಕತ್ತಲಾಗುವ ತನಕ ಪೇಟೆಯಲ್ಲೇ ಇರುತ್ತಿದ್ದ.

ಒದ್ದೆಯಾದ ಗುಡ್ಡೆ ಒಣಗಿತು. ಒಲಿಮ್‌ಖೋನ್ ಮತ್ತೆ ಮತ್ತೆ ಫೋನು ಮಾಡಿದ. ಒಂದು ಬೆಳಿಗ್ಗೆ ತುರ್ಸುನಲಿ ತಾನೇ ಜರಡಿ ತಗೊಂಡು ಶೆಡ್ಡಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಳಿಗೆ ಹಿಟ್ಟು ಹೋಗಬಾರದಲ್ಲ.

ಮಸ್ತುರಾ ಹಸು ಕರೆದಳು, ಹಿಟ್ಟು ನಾದಿದಳು, ತಂದೂರಿಗೆ ರೊಟ್ಟಿ ಬಡಿದಳು. ಮಧ್ಯಾಹ್ನವಾದಾಗ ಶೆಡ್ಡಿನೊಳಗೆ ಜರಡಿಯ ಸದ್ದಿನ ನಡುವೆ ಗಂಡಸಿನ ಕೆಮ್ಮು ಶುರುವಾಯಿತು. ಅವಳು ಹಾಲು ಕಾಯಿಸಿದಳು. ಅತ್ತೆಯ ಬಟ್ಟಲು ಹುಡುಕಿ ತೆಗೆದು, ತುಂಬಿ, ಎರಡೂ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದಳು.

"ಮಾವ, ಹಾಲು."

ಒಳಗಿಂದ ಕೆಮ್ಮು ಮಾತ್ರ ಬಂತು.

ಅವಳು ಬಟ್ಟಲನ್ನು ಹೊಸ್ತಿಲ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ತಗಡಿನ ಡಬ್ಬಿ ಇನೋಯತ್ ಇಟ್ಟು ಹೋದ ಜಾಗದಲ್ಲೇ ಇತ್ತು; ಅದರ ಬುಡದ ಸುತ್ತ ತುಕ್ಕಿನ ಬಳೆಯೊಂದು ಮೂಡಿತ್ತು. ಹಾಲಿನ ಮೇಲೆ ಕೆನೆ ಕಟ್ಟಿತು. ಬಾಗಿಲಿನ ಸಂದಿಯಿಂದ ಬಿಳಿ ಪುಡಿ ಮೆಲ್ಲಗೆ ಹೊರಬಂದು ಕೆನೆಯ ಮೇಲೆ ಇಳಿಯುತ್ತಿತ್ತು.